ಒಂಬತ್ತಕ್ಕೆ ಮನೆ ಎತ್ತುವುದು

ನಮ್ಮ ಮನೆಯನ್ನು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಎತ್ತಿ ಅಟ್ಟದ ಮೇಲೆ ಇಡುತ್ತಿದ್ದೆವು. ಸಂಜೆ ನಾಲ್ಕೂವರೆಗೆ ಮತ್ತೆ ಕೆಳಗೆ ಇಳಿಸುತ್ತಿದ್ದೆವು. ಹೀಗೆಂದರೆ ನನ್ನ ಗಂಡನ ಕಡೆಯವರು ಇವತ್ತಿಗೂ ನಗುತ್ತಾರೆ, ನಾನೇನೋ ಕಥೆ ಕಟ್ಟುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಆದರೆ ಹಳಿಯಾಳದ ಆ ಹಂಚಿನ ಮನೆಯಲ್ಲಿ ಮನೆ ಎತ್ತುವುದು ಎಂದರೆ ಕಸ ಗುಡಿಸುವುದು, ನೀರು ತುಂಬುವುದು ಇದ್ದ ಹಾಗೆ ದಿನದ ಒಂದು ಕೆಲಸ. ಹಾಸಿಗೆ, ಕೌದಿ, ದಿಂಬು, ಅಪ್ಪನ ರೇಡಿಯೋ, ಗೋಡೆಯ ಕನ್ನಡಿ, ಹಗ್ಗದ ಮೇಲಿನ ಅರೆಒಣಗಿದ ಬಟ್ಟೆ, ಎಲ್ಲವೂ ಏಣಿ ಹತ್ತಿ ಅಟ್ಟ ಸೇರಬೇಕು. ಅಪ್ಪ ಏಣಿಯ ಮೇಲೆ, ನಾನು ಕೆಳಗೆ. ಅಪ್ಪನ ತಾಯಿ, ಅಂದರೆ ನಾವೆಲ್ಲ ಆಯಿ ಎಂದು ಕರೆಯುತ್ತಿದ್ದ ನನ್ನ ಅಜ್ಜಿ, ಮಧ್ಯದಲ್ಲಿ ನಿಂತು ಇಬ್ಬರನ್ನೂ ಬೈಯುವುದಕ್ಕೆ. ಅವಳ ಎಲೆ ಅಡಿಕೆಯ ಚೀಲ ಯಾವಾಗಲೂ ಮೊದಲೇ ಮೇಲೆ ಹೋಗಿಬಿಡುತ್ತಿತ್ತು, ಹೀಗಾಗಿ ಬೈಗುಳಕ್ಕೆ ಕಾರಣ ಹುಡುಕಬೇಕಾದ ಕಷ್ಟ ಅವಳಿಗೆ ಇರಲಿಲ್ಲ. ಹತ್ತು ಗಂಟೆಗೆ ನಾನು ಅಂಗಳದ ಕಬ್ಬಿಣದ ಪಟ್ಟಿಯ ಮೇಲೆ ಗಂಟೆ ಬಾರಿಸಿದರೆ ಪಡಸಾಲೆ ಹೋಗಿ ಒಂದನೆಯ ಮತ್ತು ಎರಡನೆಯ ತರಗತಿ ಆಗಿರುತ್ತಿತ್ತು. ಕಾಳು ತುಂಬುವ ಕೋಣೆಯಲ್ಲಿ ಮೂರು, ನಾಲ್ಕು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಐದು. ಅವ್ವ ನಡೆಸುತ್ತಿದ್ದ ಖಾಸಗಿ ಶಾಲೆ ಅದು. ಬೇರೆಯವರ ಮನೆಯಲ್ಲಿ ದೇವರ ಫೋಟೋ ಇರುವ ಜಾಗದಲ್ಲಿ ನಮ್ಮಲ್ಲಿ ಐದನೆಯ ತರಗತಿಯವರೆಗಿನ ಮಾನ್ಯತೆಯ ಪತ್ರ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ದೇವರು ಅಡುಗೆಮನೆಯ ಗೂಡಿನಲ್ಲಿ ಹೇಗೋ ಹೊಂದಿಕೊಂಡಿದ್ದ.

ಹತ್ತರಿಂದ ನಾಲ್ಕರವರೆಗೆ ಅವ್ವ ನನಗೆ ಅವ್ವ ಅಲ್ಲ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತಾರೆ, ನಾನೂ ಹಾಗೇ ಅನ್ನಬೇಕು. ಎರಡನೆಯ ತರಗತಿಯಲ್ಲಿದ್ದಾಗ ಒಮ್ಮೆ ಮಗ್ಗಿ ಹೇಳುತ್ತಾ ಹೇಳುತ್ತಾ ಮರೆತು ಅವ್ವಾ ಎಂದೆ. ಇಡೀ ತರಗತಿ ಕಿಸಕ್ಕೆಂದಿತು. ಅವಳು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದಳು. ಸಂಜೆ ಮನೆ ಇಳಿಸಿದ ಮೇಲೆ ಅದೇ ಕೈಯಿಂದ ನನ್ನ ಕಾಲಿಗೆ ಎಣ್ಣೆ ತಿಕ್ಕಿ, ನಿನ್ನ ಅಕ್ಕೋರು ಬಹಳ ಕೆಟ್ಟವರು ಬಿಡು ಎಂದಳು. ಅವಳ ಸ್ವಭಾವ ಹಾಗೆ, ಎರಡೂ ಕಡೆ ಪೂರ್ತಿ ಮನಸ್ಸಿನಿಂದ ಇರುತ್ತಿದ್ದಳು. ಮಧ್ಯಾಹ್ನ ಒಂದಕ್ಕೆ ನಮ್ಮ ಊಟ ಅಡುಗೆಮನೆಯಲ್ಲಿ, ಪರದೆಯ ಹಿಂದೆ, ಕಳ್ಳರ ಹಾಗೆ. ತಾಟು ಸದ್ದು ಮಾಡಬಾರದು, ಗಟ್ಟಿಯಾಗಿ ಸಾರು ಕೇಳಬಾರದು. ಹತ್ತರಿಂದ ನಾಲ್ಕರವರೆಗೆ ಮೆಣಸಿನಕಾಯಿ ಹುರಿಯಬಾರದು, ಒಗ್ಗರಣೆ ಹಾಕಬಾರದು ಎಂಬುದು ಅವ್ವನ ಕಾಯ್ದೆ. ಯಾಕೆಂದರೆ ಪರದೆಯ ಈಚೆ ಮಕ್ಕಳು ಸೀನುತ್ತಿದ್ದರು, ಒಬ್ಬ ಸೀನಿದರೆ ಎಲ್ಲರೂ ಸೀನುತ್ತಿದ್ದರು, ಆಮೇಲೆ ಪಾಠ ಹಳ್ಳ ಹಿಡಿಯುತ್ತಿತ್ತು. ಆಯಿಗೆ ಈ ಕಾಯ್ದೆ ಗಂಟಲಲ್ಲಿ ಸಿಕ್ಕಿಕೊಂಡ ಹಾಗಿತ್ತು. ಒಗ್ಗರಣೆ ಇಲ್ಲದ ಸಾರು ಕಾಯಿಲೆಯವರಿಗೆ ಎಂದು ಅವಳ ವಾದ. ಅತ್ತೆ ಸೊಸೆಯರ ಜಗಳ ನಮ್ಮಲ್ಲಿ ಬಂಗಾರಕ್ಕೆ ಬಂದದ್ದಿಲ್ಲ, ಸೀರೆಗೆ ಬಂದದ್ದಿಲ್ಲ, ಸಾಸಿವೆ ಯಾವ ಗಂಟೆಗೆ ಸಿಡಿಯಬೇಕು ಎಂಬುದಕ್ಕೆ ಬರುತ್ತಿತ್ತು. ಅದೂ ಪಿಸುಮಾತಿನಲ್ಲಿ. ಪಿಸುಮಾತಿನಲ್ಲಿ ಅಷ್ಟು ಚೆನ್ನಾಗಿ ಜಗಳವಾಡುವವರನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಆದರೂ ಆಯಿಗೆ ಶಾಲೆ ಬೇಡವಾಗಿತ್ತು ಎಂದುಕೊಳ್ಳಬೇಡಿ. ಮನೆ ಅವಳ ಹೆಸರಿನಲ್ಲಿತ್ತು, ಬೇಡ ಎಂದರೆ ಒಂದು ಮಾತಿಗೆ ಮುಗಿಯುತ್ತಿತ್ತು. ಬೇಸಿಗೆ ರಜೆ ಬಂದರೆ ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ಐತಿ ಎಂದು ಕಟ್ಟೆಯ ಮೇಲೆ ಕೂತು ಮುಖ ಊದಿಸಿಕೊಳ್ಳುತ್ತಿದ್ದಳು. ಕಾಳಿನ ಕೋಣೆಯಿಂದ ಜೋಳದ ಚೀಲಗಳನ್ನು ಎತ್ತಿಸಿದಾಗ ಒಂದು ವಾರ ಅವ್ವನ ಜೊತೆ ಮಾತು ಬಿಟ್ಟಳು; ಎಂಟನೆಯ ದಿನ ಆ ಕೋಣೆಯಲ್ಲಿ ಕೂತ ಮೂರನೆಯ ತರಗತಿಯವರಿಗೆ ಬೆಲ್ಲ ಶೇಂಗಾ ಹಂಚಿ, ಜೋಳಕ್ಕಿಂತ ಇವು ಒಳ್ಳೆಯ ಬೆಳೆ ಎಂದಳು. ನನಗೆ ಅವಳ ಮೇಲೆ ಇದ್ದ ಪ್ರೀತಿ ಹೇಳಿ ತೀರಿಸುವಂಥದ್ದಲ್ಲ.

ಇನ್ನು ಅಪ್ಪ. ಅಪ್ಪ ದಾಂಡೇಲಿಯ ಒಂದು ಮರದ ಡಿಪೋದಲ್ಲಿ ಅಳತೆಗಾರ. ಬೆಳಿಗ್ಗೆ ಮನೆ ಎತ್ತಿಸಿ ಬಸ್ಸು ಹಿಡಿದರೆ ದಿನವಿಡೀ ತೇಗ, ಮತ್ತಿ, ಹೊನ್ನೆಯ ದಿಮ್ಮಿಗಳ ಸುತ್ತಳತೆ ತೆಗೆಯುವುದು ಅವನ ಕೆಲಸ. ದಿಮ್ಮಿ ಅಳೆಯುವುದಕ್ಕೆ ಅದರದೇ ಒಂದು ರೀತಿ ಇದೆ. ಟೇಪು ತೋರಿಸಿದ್ದನ್ನು ಹಾಗೇ ಬರೆಯುವಂತಿಲ್ಲ. ತೊಗಟೆಯ ದಪ್ಪ ಕಳೆಯಬೇಕು, ಒಳಗೆ ಪೊಳ್ಳು ಇದ್ದರೆ ಕಳೆಯಬೇಕು, ತುದಿ ಸೀಳಿದ್ದರೆ ಅದನ್ನೂ ಕಳೆಯಬೇಕು, ಉಳಿದದ್ದರಲ್ಲಿ ಚೂರುಪಾರನ್ನು ಕೆಳಕ್ಕೆ ಇಳಿಸಿ ಬರೆಯಬೇಕು. ಕೊಳ್ಳುವವನಿಗೆ ಕೈಗೆ ಬರುವ ಮರ ಎಷ್ಟೋ ಅಷ್ಟೇ ಕಾಗದದ ಮೇಲೆ ಇರಬೇಕು. ಈ ಕೆಲಸದಲ್ಲಿ ಅಪ್ಪ ಎತ್ತಿದ ಕೈ. ಅವನ ಅಳತೆಯ ಮೇಲೆ ಯಾರೂ ಮರು ಅಳತೆ ಕೇಳುವುದಿಲ್ಲ ಎಂಬುದು ಅವನ ಜೀವನದ ಒಂದೇ ಜಂಬ. ಕಷ್ಟ ಏನೆಂದರೆ ಈ ಅಭ್ಯಾಸ ಡಿಪೋದ ಗೇಟಿನಲ್ಲಿ ನಿಲ್ಲದೆ ಬಸ್ಸು ಹತ್ತಿ ಮನೆಗೂ ಬರುತ್ತಿತ್ತು. ನನ್ನ ಎತ್ತರ ಅಳೆದರೆ ಕೂದಲಿನ ದಪ್ಪ ಕಳೆಯುತ್ತಿದ್ದ. ಪರವಾಗಿಲ್ಲ ಎಂದು ಅವನು ಹೇಳಿದರೆ ಅಡುಗೆ ಅದ್ಭುತವಾಗಿದೆ ಎಂದು ನಾವು ತಿಳಿದುಕೊಳ್ಳಬೇಕಿತ್ತು.

ನಾನು ಐದನೆಯದು ಮುಗಿಸಿದ ವರ್ಷ ಅವ್ವನ ತಲೆಯಲ್ಲಿ ಆರು ಮತ್ತು ಏಳನೆಯ ತರಗತಿ ಹೊಕ್ಕವು. ನನ್ನ ಜೊತೆಯ ಹತ್ತು ಮಕ್ಕಳ ಮನೆಯವರು ಬಂದು, ಅಕ್ಕೋರೇ, ಇನ್ನೆರಡು ವರ್ಷ ನಿಮ್ಮ ಕೈಯಲ್ಲೇ ಇರಲಿ ಎಂದು ಕೇಳಿಕೊಂಡಿದ್ದರು. ಹೊಗಳಿದರೆ ಅವ್ವ ಉಬ್ಬುತ್ತಿದ್ದಳು, ಇಲ್ಲ ಅನ್ನಲಾರೆ. ಮೇಲಿನ ತರಗತಿಗಳಿಗೆ ಬೇರೆ ಮಾನ್ಯತೆ ಬೇಕು, ಅದು ಬಂದ ಮೇಲೆ ತರಗತಿ ತೆರೆಯಬೇಕು. ಅವ್ವ ಅರ್ಜಿ ಕೊಡುವುದಾಗಿ ನಿಶ್ಚಯಿಸಿ, ಅದು ಬಂದೇ ಬರುತ್ತದೆ ಎಂಬ ಧೈರ್ಯದಲ್ಲಿ ಜೂನ್‌ನಲ್ಲೇ ನಡುಮನೆಯಲ್ಲಿ ಆರನೆಯ ತರಗತಿ ಕೂರಿಸಿಬಿಟ್ಟಳು. ಪಾಠಕ್ಕೆ ಫಿಲೋಮಿನಾ ಅಕ್ಕೋರು ಬಂದರು. ಹಳಿಯಾಳದ ಹತ್ತಿರದ ಒಂದು ಹಳ್ಳಿಯ ಸಿದ್ದಿ ಮನೆತನದವರು, ತರಬೇತಿ ಮುಗಿಸಿ ಆಗಷ್ಟೇ ಕೆಲಸ ಹುಡುಕುತ್ತಿದ್ದರು. ಮೊದಲ ಬಸ್ಸಿಗೆ ಬಂದು, ಮನೆ ಎತ್ತುವ ಕೆಲಸಕ್ಕೂ ಒಂದು ಕೈ ಹಾಕಿ, ಆಮೇಲೆ ಗಣಿತ ಶುರು ಮಾಡುತ್ತಿದ್ದರು. ಭಿನ್ನರಾಶಿ ಎಂದರೆ ಜ್ವರ ಬರುತ್ತಿದ್ದ ನನಗೆ ರೊಟ್ಟಿ ಮುರಿದು ಮುರಿದು ಅದನ್ನು ಕಲಿಸಿದವರು ಅವರು. ಮುರಿದ ರೊಟ್ಟಿಯನ್ನು ಲೆಕ್ಕ ಸರಿ ಬಂದವರು ತಿನ್ನಬಹುದಿತ್ತು. ಮಾನ್ಯತೆ ಬಾರದಿದ್ದರೆ ಅವರ ಕೆಲಸ ಹೋಗುತ್ತಿತ್ತು. ನಮ್ಮ ಹನ್ನೊಂದು ಜನರ ಒಂದು ವರ್ಷ ಯಾವ ಕಾಗದದಲ್ಲೂ ಇಲ್ಲದ ವರ್ಷ ಆಗುತ್ತಿತ್ತು, ಬೇರೆ ಶಾಲೆಯಲ್ಲಿ ಮತ್ತೆ ಆರನೆಯದರಲ್ಲೇ ಕೂರಬೇಕಾಗುತ್ತಿತ್ತು. ಇದು ಅವ್ವನಿಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಅರ್ಜಿ ತುಂಬಿದ್ದು ಒಂದು ಭಾನುವಾರ ಮಧ್ಯಾಹ್ನ, ಜುಣಕ ರೊಟ್ಟಿ ಉಂಡ ಮೇಲೆ. ಕೇಳಿದ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಶಿಕ್ಷಕರ ತರಬೇತಿ ಏನು, ಗ್ರಂಥಾಲಯದಲ್ಲಿ ಪುಸ್ತಕ ಎಷ್ಟು, ಹುಡುಗಿಯರಿಗೆ ಬೇರೆ ಶೌಚಾಲಯ ಇದೆಯೇ, ಕುಡಿಯುವ ನೀರು ಎಲ್ಲಿಯದು, ಬೆಂಕಿ ಆರಿಸಲು ಮರಳು ತುಂಬಿದ ಬಕೆಟ್ಟು ಎಲ್ಲಿ ತೂಗುಹಾಕಿದ್ದೀರಿ. ಒಂದೊಂದು ಕೋಣೆಯ ಉದ್ದಗಲವನ್ನೂ ಬರೆಯಬೇಕಿತ್ತು. ಅಳತೆ ಎಂದ ಕೂಡಲೇ ಅಪ್ಪ ಶರ್ಟು ಹಾಕಿಕೊಂಡು ಎದ್ದ. ಬನಿಯನ್ನಿನಲ್ಲಿ ಅವನು ಟೇಪು ಮುಟ್ಟುತ್ತಿರಲಿಲ್ಲ. ಟೇಪಿನ ತುದಿ ಹಿಡಿಯುವವಳು ನಾನು. ಅವನು ನೋಡುತ್ತಿದ್ದ, ಗುಣುಗುಟ್ಟುತ್ತಿದ್ದ, ಚೀಟಿಯ ಮೇಲೆ ಬರೆಯುತ್ತಿದ್ದ, ಅವ್ವ ಅದನ್ನು ನಮೂನೆಗೆ ಇಳಿಸುತ್ತಿದ್ದಳು. ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು: ಕಟ್ಟಡವನ್ನು ಶಾಲೆಗಾಗಿ ಮಾತ್ರ ಬಳಸಲಾಗುತ್ತಿದೆಯೇ? ಅವ್ವ ಪೆನ್ನು ಕಚ್ಚಿಕೊಂಡಳು. ಹತ್ತರಿಂದ ನಾಲ್ಕರವರೆಗೆ ಇಲ್ಲಿ ಮನೆಯೇ ಇರುವುದಿಲ್ಲವಲ್ಲ, ಅಟ್ಟದ ಮೇಲಿರುತ್ತದೆ ಎಂದು ತನಗೇ ಹೇಳಿಕೊಂಡು, ಹೌದು ಎಂದು ಬರೆದಳು. ಅಪ್ಪ ಅದನ್ನು ನೋಡಿ ಟೇಪು ಸುತ್ತಿಟ್ಟ.

ಉತ್ತರ ಬಂದಾಗ ನಾವು ಆರನೆಯ ತರಗತಿಯ ಕೊನೆಯ ಪಾಠಗಳಲ್ಲಿದ್ದೆವು. ಶಿರಸಿಯ ಕಚೇರಿಯಿಂದ ಕಂದು ಲಕೋಟೆ. ಅರ್ಜಿಯಲ್ಲಿ ತಾವೇ ನಮೂದಿಸಿದ ಅಳತೆಯ ಪ್ರಕಾರ ನಡುವಿನ ಕೋಣೆ ನಿಗದಿತ ಅಗಲಕ್ಕಿಂತ ಕಡಿಮೆ ಇರುವುದರಿಂದ ಮಾನ್ಯತೆ ನೀಡಲು ಬರುವುದಿಲ್ಲ, ಆಕ್ಷೇಪಣೆ ಇದ್ದರೆ ಮರುಪರಿಶೀಲನೆಗೆ ಬರೆದುಕೊಳ್ಳಬಹುದು ಎಂದಿತ್ತು. ಕಡಿಮೆ ಬಿದ್ದದ್ದು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅವತ್ತು ಅವ್ವ ಆರನೆಯ ತರಗತಿಯನ್ನು ಅಂಗಳಕ್ಕೆ ಕಳಿಸಿ ಫಿಲೋಮಿನಾ ಅಕ್ಕೋರಿಗೂ ಬಂದಿದ್ದ ಇಬ್ಬರು ತಾಯಂದಿರಿಗೂ ಎಲ್ಲವನ್ನೂ ಹೇಳಿದಳು. ತಾಯಂದಿರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳು ಆಮೇಲೆ ಎಷ್ಟೋ ಸಲ ಹೇಳುತ್ತಿದ್ದಳು. ಫಿಲೋಮಿನಾ ಅಕ್ಕೋರು ಮಾತ್ರ ಮರುಪರಿಶೀಲನೆಗೆ ಬರೆಯಿರಿ, ಅಲ್ಲಿಯವರೆಗೆ ನಾನು ದಶಮಾಂಶ ಮುಗಿಸುತ್ತೇನೆ ಎಂದು ಸೀಮೆಸುಣ್ಣ ಎತ್ತಿಕೊಂಡರು. ಸಂಜೆ ಮನೆ ಇಳಿಸಿದ ಮೇಲೆ ಅವ್ವ ಕಚೇರಿಯವರನ್ನೆಲ್ಲ ಒಂದು ಸುತ್ತು ತರಾಟೆಗೆ ತೆಗೆದುಕೊಂಡಳು. ಅಪ್ಪ ಎರಡು ಮೂರು ಸಲ ನಡುಮನೆಯ ಗೋಡೆ ಸವರಿ ನೋಡಿದ್ದು ನನಗೆ ನೆನಪಿದೆ.

ಮರುಪರಿಶೀಲನೆಗೆ ಬಂದ ಅಧಿಕಾರಿ ತೆಳ್ಳಗಿನ ಮನುಷ್ಯ, ಸ್ಕೂಟರಿನ ಮೇಲೆ ಒಬ್ಬರೇ ಬಂದರು, ಹೆಗಲಿಗೆ ಊಟದ ಡಬ್ಬಿಯ ಚೀಲ. ಪರಿಶೀಲನೆಗೆ ಬರುವವರಿಗೆ ಚಹಾ ಕೂಡ ಕೊಡಬಾರದು, ಕೊಟ್ಟರೆ ಅದು ಬೇರೆಯೇ ಅರ್ಥ ಆಗುತ್ತದೆ ಎಂದು ಅವ್ವ ಹಿಂದಿನ ದಿನವೇ ಆಯಿಗೆ ತಾಕೀತು ಮಾಡಿದ್ದಳು. ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಶಾಲೆಯಲ್ಲಿ ಮಕ್ಕಳು ಏನು ಕಲಿತಾರು ಎಂದು ಆಯಿ ಸಿಡುಕಿದ್ದಳು. ಸಾಹೇಬರು ಏನನ್ನೂ ಮುಟ್ಟಲಿಲ್ಲ. ನೀರು ಮಾತ್ರ ಕುಡಿದರು, ಅದೂ ಕುಡಿಯುವ ನೀರು ಪರಿಶೀಲನೆಯ ಪಟ್ಟಿಯಲ್ಲಿದೆ ಎಂದು. ಬಕೆಟ್ಟಿನ ಮರಳನ್ನು ಕೈ ಹಾಕಿ ನೋಡಿದರು, ನಾವು ಮೇಲೆ ಮಾತ್ರ ಮರಳು ಹಾಕಿ ಕೆಳಗೆ ಮಣ್ಣು ತುಂಬಿರಲಿಲ್ಲ, ದೇವರು ದೊಡ್ಡವನು. ಆಮೇಲೆ ನಡುಮನೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ಅರ್ಧ ಗಂಟೆ ಫಿಲೋಮಿನಾ ಅಕ್ಕೋರ ಪಾಠ ಕೇಳಿದರು. ಅಕ್ಕೋರ ಧ್ವನಿ ಒಂದು ಚೂರೂ ಬದಲಾಗಲಿಲ್ಲ. ಲೆಕ್ಕ ತಪ್ಪಿದ ಒಬ್ಬನನ್ನು ನೋಡಿ ಅಧಿಕಾರಿಯ ಎದುರೇ, ನಿನ್ನ ರೊಟ್ಟಿ ಇವತ್ತು ನನಗೆ ಎಂದರು. ಸಾಹೇಬರು ನಕ್ಕು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಆಮೇಲೆ ಟೇಪು ತೆಗೆದರು. ಅವತ್ತು ಅಪ್ಪ ರಜೆ ಹಾಕಿದ್ದ, ಆದರೆ ಅವನಿಗೆ ಟೇಪು ಮುಟ್ಟುವ ಹಕ್ಕಿರಲಿಲ್ಲ. ತುದಿ ಹಿಡಿದವಳು ಮತ್ತೆ ನಾನೇ.

ಸಾಹೇಬರು ಒಮ್ಮೆ ಅಳೆದರು. ಅರ್ಜಿ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಅಳೆದರು. ಕೋಣೆ ನಿಗದಿತ ಅಗಲಕ್ಕಿಂತ ನಾಲ್ಕು ಬೆರಳು ಹೆಚ್ಚೇ ಇತ್ತು. ಪಡಸಾಲೆ ಅಳೆದರು, ಅದೂ ಅರ್ಜಿಯಲ್ಲಿದ್ದದ್ದಕ್ಕಿಂತ ದೊಡ್ಡದು. ಕಾಳಿನ ಕೋಣೆಯೂ ಹಾಗೇ. ಇಷ್ಟು ವರ್ಷದಲ್ಲಿ ಇದ್ದದ್ದಕ್ಕಿಂತ ಹೆಚ್ಚು ಬರೆದವರನ್ನೇ ನೋಡಿದ್ದೇನೆ, ಕಡಿಮೆ ಬರೆದವರು ನೀವೇ ಮೊದಲು, ಈ ಅಳತೆ ಮಾಡಿದ್ದು ಯಾರು ಎಂದು ಕೇಳಿದರು. ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಡಿಪೋದ ಸಾಹೇಬರ ಎದುರು ನಿಲ್ಲುವ ಹಾಗೆ ಕೈ ಕಟ್ಟಿ ನಿಂತ.

"ಎರಡೂ ಕಡೆ ಗಿಲಾವಿನ ದಪ್ಪ ಕಳದೇನ್ರೀ. ಗೋಡ್ಯಾಗಿನ ಕಪಾಟ ಪೊಳ್ಳಂತ ಹಿಡದೇನಿ. ಬಾಗಲಾ ತಗದ್ರ ಅದರ ರೆಕ್ಕಿ ಎಷ್ಟ ಜಾಗಾ ತಿಂತೈತಿ, ಅದನ್ನೂ ಬಿಟ್ಟೇನಿ. ಹುಡುಗರ ಕೈಗೆ ಬರೂ ಜಾಗಾ ಅಷ್ಟರೀ."

ಎಲ್ಲಿ ಕೆಲಸ ಎಂದು ಕೇಳಿದ ಸಾಹೇಬರಿಗೆ ಅಪ್ಪ ಮರದ ಡಿಪೋದ ಕೆಲಸ ಹೇಳಿದ. ಅಂದರೆ ನೀವು ಈ ಕೋಣೆಯ ತೊಗಟೆ ಸುಲಿದಿದ್ದೀರಿ ಎಂದು ಹೇಳಿ, ತಾವು ಸಾಹೇಬರು ಎನ್ನುವುದನ್ನೂ ಮರೆತು ಬೆಂಚಿನ ಮೇಲೆ ಕೂತು ನಕ್ಕರು. ಫಿಲೋಮಿನಾ ಅಕ್ಕೋರು ನಕ್ಕರು. ಮಕ್ಕಳು ನಗುವುದಕ್ಕೆ ಕಾರಣ ಕೇಳುವವರೇ ಅಲ್ಲ. ಅವ್ವ ಮಾತ್ರ ಅಪ್ಪನನ್ನು ನುಂಗುವ ಹಾಗೆ ನೋಡಿದಳು, ಒಂದು ತಿಂಗಳ ಅವಳ ನಿದ್ದೆ ಬರೀ ಗೋಡೆಯ ಗಾರೆಯ ದಪ್ಪಕ್ಕೆ ಹೋಗಿತ್ತು. ಆದರೂ ಅವಳ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಎಲ್ಲ ಮುಗಿಯಿತು, ಮಾನ್ಯತೆ ಬಂತು ಎಂದು ನಾವು ಉಸಿರು ಬಿಟ್ಟ ಆ ಹೊತ್ತಿಗೆ ಪರದೆಯ ಹಿಂದೆ ಸಾಸಿವೆ ಸಿಡಿಯಿತು. ನಗು ಕೇಳಿದ ಆಯಿ ಕೆಲಸ ಗೆದ್ದಿತು ಎಂದುಕೊಂಡು, ಇನ್ನಾದರೂ ಸಾಹೇಬರು ಉಣ್ಣುತ್ತಾರೆ ಎಂದು ಜುಣಕಕ್ಕೆ ಒಗ್ಗರಣೆ ಹಾಕಿದ್ದಳು, ಅದೂ ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ. ಮೊದಲ ಬೆಂಚು ಸೀನಿತು. ಎರಡನೆಯ ಬೆಂಚು ಸೀನಿತು. ಸಾಹೇಬರೂ ಸೀನಿದರು. ಕರ್ಚೀಫಿನಿಂದ ಮೂಗು ಒರೆಸಿಕೊಂಡು ಪರದೆಯ ಕಡೆ ಬೊಟ್ಟು ಮಾಡಿ, ಅದರ ಹಿಂದೆ ಏನಿದೆ ಎಂದು ಕೇಳಿದರು. ಮಕ್ಕಳಿಗೆ ಆ ಪರದೆಯ ಕಡೆ ನೋಡಬಾರದು ಎಂದು ಅಭ್ಯಾಸ ಮಾಡಿಸಿದ್ದೆವು. ಹೀಗಾಗಿ ನಾವು ಹನ್ನೊಂದು ಜನವೂ ಒಟ್ಟಿಗೆ ಮೇಲಿನ ಹಂಚು ನೋಡತೊಡಗಿದೆವು. ಅವ್ವ ಸಾಮಾನಿನ ಕೋಣೆ ಎನ್ನಬಹುದಿತ್ತು. ಮಕ್ಕಳಿಗೆ ಏನಾದರೂ ಮಾಡಿ ಕೊಡುತ್ತೇವೆ ಎನ್ನಬಹುದಿತ್ತು. ಅವಳು ಅಪ್ಪನನ್ನೊಮ್ಮೆ ನೋಡಿದಳು.

"ಅಲ್ಲಿ ನಮ್ಮ ಮನಿ ಐತ್ರೀ, ಸಾಹೇಬ್ರ. ಅರ್ಜ್ಯಾಗ ನಾ ಸುಳ್ಳ ಬರದೇನಿ."

ಅವ್ವ ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯೂ ಆಗಲಿಲ್ಲ, ಹೆದರಿಕೆಯಾಯಿತು. ಸಾಹೇಬರು ಪರದೆ ಸರಿಸಿ ಒಲೆ ನೋಡಿದರು, ಒಲೆಯ ಮುಂದೆ ಕೂತ ಆಯಿಯನ್ನು ನೋಡಿದರು, ಒಲೆಯಿಂದ ನಮ್ಮ ಮೊದಲ ಬೆಂಚು ಎಷ್ಟು ದೂರ ಎಂದು ಕಣ್ಣಲ್ಲೇ ಅಳೆದರು. ಬೈಯಲಿಲ್ಲ.

"ಖೋಲಿ ಸರಿ ಅದಾವ ಅಂತ ನಾ ಬರದ ಕೊಡ್ತೇನ್ರಿ. ಆದ್ರ ಒಲಿ ಉರಿಯೂ ಮನ್ಯಾಗ ಹುಡುಗರನ್ನ ಕುಂದರಸ್ರಿ ಅಂತ ಹೆಂಗ ಬರೀಲಿ? ಈ ಪರದಿಗೆ ಒಂದ ಕಿಡಿ ಸಾಕು."

ಮೇ ತಿಂಗಳ ಕೊನೆಯವರೆಗೆ ಸಮಯ ಕೊಟ್ಟರು. ಅಷ್ಟರಲ್ಲಿ ವಾಸ ಬೇರೆ ಕಡೆ ಆದರೆ ಆರೂ ಏಳೂ ಎರಡಕ್ಕೂ ಶಿಫಾರಸು, ಹನ್ನೊಂದು ಮಕ್ಕಳ ವರ್ಷವೂ ಉಳಿಯುತ್ತದೆ. ಇಲ್ಲವಾದರೆ ಇದ್ದ ಐದನೆಯ ತರಗತಿಯ ಮಾನ್ಯತೆಯನ್ನೂ ಮತ್ತೆ ನೋಡಬೇಕಾಗುತ್ತದೆ ಎಂದರು. ಆಮೇಲೆ ಕಟ್ಟೆಯ ಮೇಲೆ ಕೂತು ತಮ್ಮದೇ ಡಬ್ಬಿ ಬಿಚ್ಚಿ ಉಂಡರು, ಆಯಿಯ ಜುಣಕದ ವಾಸನೆ ಅವರ ಸುತ್ತಲೂ ಇತ್ತು, ಪಾಪ. ಆ ದಿನ ನನಗೆ ಆ ಮನುಷ್ಯನ ಮೇಲೆ ಬಂದ ಸಿಟ್ಟು ಎಷ್ಟೋ ವರ್ಷ ಇಳಿಯಲಿಲ್ಲ. ಈಗ ನಾನೇ ಖಾಸಗಿ ಶಾಲೆಗಳ ಗುಣಮಟ್ಟ ನೋಡುವ ತಂಡದಲ್ಲಿ ಊರೂರು ತಿರುಗುತ್ತೇನೆ. ಎಲ್ಲವೂ ಆನ್‌ಲೈನ್ ಆಗಿದೆ, ಕಟ್ಟಡದ ಸುರಕ್ಷತೆಗೆ ಒಂದು ಪ್ರಮಾಣಪತ್ರ, ಬೆಂಕಿಗೆ ಇನ್ನೊಂದು, ಪ್ರತಿ ಕೋಣೆಯ ಫೋಟೋ. ಅರ್ಧ ಕಾಗದಗಳು ಕಾಗದಕ್ಕಾಗಿಯೇ ಹುಟ್ಟಿದವು ಎಂದು ನಾನು ಯಾರ ಎದುರಿಗಾದರೂ ಹೇಳುತ್ತೇನೆ. ಆದರೆ ಮಕ್ಕಳು ಕೂರುವ ಜಾಗಕ್ಕೆ ಬೆಂಕಿ ಎಷ್ಟು ದೂರ ಎಂಬ ಪ್ರಶ್ನೆ ಬಂದಾಗ ನಾನು ಯಾರ ಮುಖವನ್ನೂ ನೋಡುವುದಿಲ್ಲ. ಆ ತೆಳ್ಳಗಿನ ಸಾಹೇಬರು ಸರಿಯಾಗಿದ್ದರು. ಒಪ್ಪಿಕೊಳ್ಳಲು ನನಗೆ ಅರ್ಧ ಆಯುಷ್ಯ ಹಿಡಿಯಿತು.

ಮುಂದಿನ ಮೂರು ದಿನ ಮನೆಯಲ್ಲಿ ಮಾತಿಲ್ಲ. ಬೆಳಿಗ್ಗೆ ಮನೆ ಎತ್ತುವಾಗಲೂ ಆಯಿ ಬೈಯಲಿಲ್ಲ, ಅದು ಎಲ್ಲಕ್ಕಿಂತ ಭಯಂಕರವಾಗಿತ್ತು. ನಾಲ್ಕನೆಯ ದಿನ ಊಟಕ್ಕೆ ಕೂತಾಗ ಅವ್ವ ತಾನೇ ಬಾಯಿ ಬಿಟ್ಟಳು. ಮೇಲಿನ ತರಗತಿ ಬೇಡ, ಬೇಕಾದರೆ ಇಡೀ ಶಾಲೆಯೇ ಬೇಡ, ನನ್ನ ಹುಚ್ಚಿಗೆ ನಿಮ್ಮನ್ನು ನಿಮ್ಮ ಮನೆಯಿಂದ ಎಬ್ಬಿಸಲಾರೆ ಎಂದು ಆಯಿಗೆ ಹೇಳಿದಳು. ಹೇಳುವಾಗ ತಾಟಿನಲ್ಲಿದ್ದ ಅನ್ನವನ್ನೇ ನೋಡುತ್ತಿದ್ದಳು. ನನಗೆ ಅಳು ಬಂತು, ಹೊಸ ಶಾಲೆಯಲ್ಲಿ ಮತ್ತೆ ಆರನೆಯ ತರಗತಿಯಲ್ಲಿ ಕೂರುವುದನ್ನು ನೆನೆದು ಬಂತೋ ಮನೆ ನೆನೆದು ಬಂತೋ ಹೇಳಲಾರೆ. ಆಯಿ ನಿಧಾನಕ್ಕೆ ಉಂಡಳು. ಕೈ ತೊಳೆದಳು. ಸೆರಗಿಗೆ ಕೈ ಒರೆಸಿಕೊಂಡಳು.

"ಸಾಲಿ ಇಲ್ಲೇ ಇರ್ಲಿ. ಒಲಿ ನಾ ಒಯ್ತೇನಿ."

ಅವ್ವ ಏನೋ ಹೇಳಲು ಹೋದಳು. ಆಯಿ ಕೇಳಲಿಲ್ಲ. ಇಷ್ಟು ವರ್ಷ ದಿನಾ ಎತ್ತಿ ಇಳಿಸಿದ್ದೇವೆ, ಇದೊಂದು ಸಲ ಎತ್ತಿ ಇಳಿಸದೆ ಬಿಡೋಣ, ಅಷ್ಟಕ್ಕೆ ಅಳುವುದು ಯಾಕೆ ಎಂದಳು. ಹೇಳಿದವಳ ಕಣ್ಣೇ ತುಂಬಿತ್ತು. ಅವ್ವ ಎದ್ದು ಹೋಗಿ ಅವಳ ಕಾಲು ಹಿಡಿದಳು, ಆಯಿ ಕಾಲು ಎಳೆದುಕೊಂಡು, ನಾಲ್ಕು ಗಂಟೆಯ ಮೇಲೆ ಒಗ್ಗರಣೆ ಎಂಬ ಕಾಯ್ದೆ ಹೊಸ ಮನೆಯಲ್ಲಿ ನಡೆಯುವುದಿಲ್ಲ ಎಂದು ಷರತ್ತು ಹಾಕಿದಳು.

ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತು. ಅಪ್ಪ ಅದನ್ನು ಅಳೆದು ಇಷ್ಟೇ ಎಂದ; ನಾವು ಅದಕ್ಕೆ ನಮ್ಮಷ್ಟಕ್ಕೇ ಒಂದು ಗೇಣು ಸೇರಿಸಿಕೊಂಡೆವು. ಅಟ್ಟದ ಮೇಲಿನ ಮನೆಯನ್ನು ಒಂದು ಕೈಗಾಡಿಯಲ್ಲಿ ಎರಡು ಸಲಕ್ಕೆ ಸಾಗಿಸಿದೆವು, ಫಿಲೋಮಿನಾ ಅಕ್ಕೋರು ಆಯಿಯ ಕೌದಿಗಳನ್ನು ತಲೆಯ ಮೇಲೆ ಹೊತ್ತು ಮುಂದೆ ನಡೆದರು. ಹೊಸ ಮನೆಯಲ್ಲಿ ಬೆಳಿಗ್ಗೆ ಒಂಬತ್ತಾದರೆ ನಮಗೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಹಾಸಿಗೆ ಹಾಸಿದಲ್ಲೇ ಇರುತ್ತಿತ್ತು, ಕನ್ನಡಿ ಗೋಡೆಯ ಮೇಲೇ ಇರುತ್ತಿತ್ತು, ಆಯಿ ಹನ್ನೊಂದು ಗಂಟೆಗೆ ಬೇಕೆಂದೇ ಒಗ್ಗರಣೆ ಹಾಕುತ್ತಿದ್ದಳು, ಯಾರೂ ಸೀನುತ್ತಿರಲಿಲ್ಲ. ಒಂದು ವಾರದ ಮೇಲೆ ಅದರ ರುಚಿಯೇ ಹೋಯಿತು ಎಂದಳು. ಮೇ ಕೊನೆಯಲ್ಲಿ ಸಾಹೇಬರು ಮತ್ತೆ ಬಂದು ಖಾಲಿ ಅಡುಗೆಮನೆ ನೋಡಿ ಹೋದರು. ಜೂನ್ ಮೊದಲ ವಾರ ಆದೇಶ ಬಂತು. ನಮ್ಮ ಆರನೆಯ ತರಗತಿ ಕಾಗದದ ಮೇಲೂ ಆಗಿತ್ತು, ನಾವು ಏಳಕ್ಕೆ ಏರಿದ್ದೆವು. ಅಡುಗೆಮನೆಯ ಮಸಿ ಕೆರೆದು ಸುಣ್ಣ ಬಳಿದು ಅದನ್ನೇ ಏಳನೆಯ ತರಗತಿ ಮಾಡಿದರು. ಒಲೆ ಇದ್ದ ಗೋಡೆಗೆ ಕಪ್ಪು ಹಲಗೆ.

ಆದೇಶದ ಜೊತೆ ಕೆಲವು ಸೂಚನೆಗಳಿದ್ದವು. ಹೊರಗಿನವರು ಶಾಲೆಯೊಳಗೆ ಬಂದರೆ ಹೆಸರು ಬರೆಸಿಕೊಳ್ಳಲು ಬಾಗಿಲಲ್ಲಿ ಒಂದು ಪುಸ್ತಕ ಇರಬೇಕು ಎಂಬುದು ಅದರಲ್ಲೊಂದು. ಅವ್ವ ಪುಸ್ತಕ ತಂದು ಗೆರೆ ಹೊಡೆದು ಪಡಸಾಲೆಯ ಮೇಜಿನ ಮೇಲೆ ಇಟ್ಟಳು. ಒಂದು ವಾರ ಅದರಲ್ಲಿ ಯಾರೂ ಬರೆಯಲಿಲ್ಲ. ಎಂಟನೆಯ ದಿನ ಹನ್ನೊಂದರ ಹೊತ್ತಿಗೆ ಆಯಿ ಬಂದಳು, ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟು. ಮನೆ ಬಿಟ್ಟ ಮೇಲೆ ಅವಳು ಅತ್ತ ಕಾಲಿಟ್ಟಿರಲಿಲ್ಲ. ನಾನು ಗಂಟೆ ಬಾರಿಸಲು ಅಂಗಳದಲ್ಲಿದ್ದೆ. ಅವಳು ಹೊಸ್ತಿಲಲ್ಲಿ ನಿಂತಳು, ಒಳಗೆ ಬರಲಿಲ್ಲ. ಅವ್ವ ಮೇಜಿನಿಂದ ಎದ್ದಳು. ಅವಳು ಬರ್ರಿ ಎಂದರೆ ಸಾಕಿತ್ತು, ಆಯಿ ಆ ಮನೆಯ ಒಡತಿ. ಆದರೆ ಒಮ್ಮೆ ಸುಳ್ಳು ಬರೆದು ಸುಟ್ಟುಕೊಂಡವಳು ಅವಳು. ಮುಖ ಕೆಂಪಾಗಿ, ಪುಸ್ತಕವನ್ನೂ ಪೆನ್ನನ್ನೂ ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ಚಾಚಿದಳು. ಆಯಿ ಅವಳ ಮುಖವನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದಳು. ನಾಲ್ಕನೆಯವರೆಗೆ ಓದಿದವಳು, ಬರೆಯುವುದು ನಿಧಾನ. ನಿಂತುಕೊಂಡೇ ಗೆರೆಗಳ ನಡುವಿನ ಒಂದೊಂದು ಮನೆಯನ್ನೂ ತುಂಬಿದಳು, ಕೊನೆಯದನ್ನು ಖಾಲಿ ಬಿಟ್ಟಳು.

ಆಮೇಲೆ ಒಳಗೆ ಬಂದು ಎಲ್ಲ ಕೋಣೆಗಳನ್ನೂ ಸುತ್ತಿದಳು. ಬಕೆಟ್ಟಿನ ಮರಳಿಗೆ ಕೈ ಹಾಕಿದಳು. ನೀರು ಕುಡಿದಳು. ಏಳನೆಯ ತರಗತಿಗೆ ಬರುವಷ್ಟರಲ್ಲಿ ನಾನೂ ಓಡಿ ಅಲ್ಲಿ ಸೇರಿದ್ದೆ, ನಾವೆಲ್ಲ ಎದ್ದು ನಿಂತು ನಮಸ್ತೆ ಎಂದೆವು. ಅವಳು ಕಪ್ಪು ಹಲಗೆಯ ಕೆಳಗೆ, ಒಲೆ ಇದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಳು, ಗೋಡೆ ಮುಟ್ಟಲಿಲ್ಲ. ಹೊಟ್ಟೆ ತುಂಬ ಉಂಡು ಬಂದಿದ್ದೀರಾ ಎಂದು ಕೇಳಿದಳು. ಹನ್ನೊಂದು ಜನವೂ ಹೌದು ಎಂದೆವು. ಫಿಲೋಮಿನಾ ಅಕ್ಕೋರು ಕುರ್ಚಿ ಕೊಟ್ಟರೂ ಕೂರದೆ, ಪಾಠ ನಡೆಯಲಿ ಎಂದು ಕೈ ಬೀಸಿ ಹೊರಟಳು. ಗಂಟೆಯ ನೆಪದಲ್ಲಿ ನಾನೂ ಹಿಂದೆ ಹೋದೆ. ಹೋಗುವಾಗ ಅವಳು ಮತ್ತೆ ಪುಸ್ತಕ ತೆಗೆದು ಆ ಕೊನೆಯ ಮನೆಯಲ್ಲೂ ಏನೋ ಬರೆದಳು.

ಅವಳು ಓಣಿ ತಿರುಗುವವರೆಗೆ ಅವ್ವ ಅಲ್ಲಾಡಲಿಲ್ಲ. ಆಮೇಲೆ ಪುಸ್ತಕ ನೋಡಿದಳು, ನಾನು ಅವಳ ತೋಳಿನ ಕೆಳಗಿನಿಂದ ನೋಡಿದೆ. ಎಲ್ಲಿಂದ ಬಂದವರು ಎಂಬಲ್ಲಿ, ಇಲ್ಲಿಯವಳು. ಬಂದ ಕಾರಣ ಎಂಬಲ್ಲಿ, ತಪಾಸಣೆ. ಷರಾ ಎಂಬ ಕೊನೆಯ ಮನೆಯಲ್ಲಿ, ದೊಡ್ಡ ದೊಡ್ಡ ಅಕ್ಷರದಲ್ಲಿ, ಗೆರೆ ಮೀರಿ: ಜಾಗಾ ಸಾಲತೈತಿ. ಗಂಟೆ ಹತ್ತರಿಂದ ನಾಲ್ಕರ ನಡುವೆ ಅಕ್ಕೋರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಅಳುತ್ತಲೇ ಅವ್ವ ಅದರ ಕೆಳಗೆ ಮುಖ್ಯ ಶಿಕ್ಷಕಿ ಎಂದು ಸಹಿ ಹಾಕಿ ಮೊಹರು ಒತ್ತಿದಳು.